ಕರಾವಳಿಯ ಮ್ಯೂಸಿಯಂ, ಬಸದಿ, ಕೋಟೆ: ಒಂದೇ ದಿನವಿದ್ದರೆ ಯಾವುದನ್ನು ಆರಿಸಬೇಕು?

ಬೇಕಲದಿಂದ ಕಾರವಾರದವರೆಗೆ ಹೆದ್ದಾರಿ 66ರ ಅಕ್ಕಪಕ್ಕ ನೋಡುವಂಥ ಹಳೆಯ ಜಾಗಗಳಿಗೆ ಬರವಿಲ್ಲ. ಬರ ಇರುವುದು ಸಮಯಕ್ಕೆ. ಬೆಳಿಗ್ಗೆ ಮಂಗಳೂರು, ಮಧ್ಯಾಹ್ನ ಮೂಡುಬಿದಿರೆ, ಸಂಜೆ ಮಣಿಪಾಲ, ರಾತ್ರಿ ಧರ್ಮಸ್ಥಳ ಎಂದು ಏಳೆಂಟು ಜಾಗ ಪೋಣಿಸಿಕೊಂಡು ಘಟ್ಟ ಇಳಿದು ಬಂದವರು ಕೊನೆಗೆ ನೋಡುವುದು ಮುಚ್ಚಿದ ಬಾಗಿಲುಗಳನ್ನೇ. ದೇವಸ್ಥಾನಗಳು ಮಧ್ಯಾಹ್ನದ ಪೂಜೆಯಾದ ಮೇಲೆ ಬಾಗಿಲು ಹಾಕುತ್ತವೆ. ಬಸದಿಗಳಲ್ಲಿ ಕತ್ತಲಾಗುವ ಹೊತ್ತಿಗೆ ಎಲ್ಲ ಮುಗಿದಿರುತ್ತದೆ. ಸರ್ಕಾರಿ ಮ್ಯೂಸಿಯಂಗೆ ಸೋಮವಾರ ರಜೆ. ಮಂಗಳೂರಿನ ಪಿಲಿಕುಳ ನಿಸರ್ಗಧಾಮಕ್ಕೂ ಸೋಮವಾರ ರಜೆ.

ಹಾಗಾಗಿ ಆಯ್ಕೆಯ ಮೊದಲ ಸೂತ್ರ ಸರಳ: ದಿನಕ್ಕೆ ಒಂದು ದೊಡ್ಡದು, ಒಂದು ಚಿಕ್ಕದು, ಅಷ್ಟೇ. ದೊಡ್ಡದು ಎಂದರೆ ಎರಡು ಮೂರು ಗಂಟೆ ಬೇಡುವಂಥದ್ದು: ಮಣಿಪಾಲದ ಹಸ್ತಶಿಲ್ಪ, ಮೂಡುಬಿದಿರೆಯ ಬಸದಿಗಳು, ಪಿಲಿಕುಳ, ಬೇಕಲ ಕೋಟೆ. ಚಿಕ್ಕದು ಎಂದರೆ ಒಂದು ಗಂಟೆಯೊಳಗೆ ಮುಗಿಯುವುದು: ಅಲೋಶಿಯಸ್ ಚಾಪೆಲ್, ಉಡುಪಿಯ ನಾಣ್ಯ ಮ್ಯೂಸಿಯಂ, ಸುಲ್ತಾನ್ ಬತ್ತೇರಿ, ವೇಣೂರಿನ ಗೊಮ್ಮಟ, ಕಾರವಾರದ ಯುದ್ಧನೌಕೆ. ಎರಡು ದೊಡ್ಡದನ್ನು ಒಂದೇ ದಿನಕ್ಕೆ ತುರುಕಿದರೆ ಎರಡನೆಯದಕ್ಕೆ ಹೋಗುವಾಗ ಸೆಕೆಗೆ ಸೋತು, ಮಕ್ಕಳು ಹಟ ಹಿಡಿದು, ಫಲಕ ಓದುವ ತಾಳ್ಮೆಯೂ ಉಳಿದಿರುವುದಿಲ್ಲ.

ಹೊರಡುವ ಹಿಂದಿನ ದಿನ ಫೋನ್ ಮಾಡುವವರು "ನಾಳೆ ತೆರೆದಿದೆಯಾ" ಎಂದಷ್ಟೇ ಕೇಳಿ ಇಟ್ಟುಬಿಡುತ್ತಾರೆ. ಅದು ಸಾಲದು. ಕೊನೆಯ ಟಿಕೆಟ್ ಎಷ್ಟು ಹೊತ್ತಿಗೆ, ಮಧ್ಯಾಹ್ನ ಊಟಕ್ಕೆ ಮುಚ್ಚುತ್ತೀರಾ, ಒಳಗೆ ನಾವೇ ಸುತ್ತಬಹುದೋ ಗೈಡ್ ಜೊತೆಗೇ ಹೋಗಬೇಕೋ, ಮೊಬೈಲ್ ಒಳಗೆ ಬಿಡುತ್ತೀರಾ ಎಂಬ ನಾಲ್ಕು ಪ್ರಶ್ನೆ ಕೇಳಿ. ಮ್ಯಾಪಿನಲ್ಲಿ ಕಾಣುವ ಸಮಯವನ್ನು ಹಬ್ಬದ ದಿನಗಳಲ್ಲಂತೂ ನಂಬಬೇಡಿ.

ಮಂಗಳೂರಿನಲ್ಲಿ ಅರ್ಧ ದಿನ

ರೈಲು ಅಥವಾ ವಿಮಾನಕ್ಕೆ ಮೊದಲು ನಾಲ್ಕು ಗಂಟೆ ಕೈಯಲ್ಲಿದೆ ಎನ್ನುವವರಿಗೆ ಎರಡು ಆಯ್ಕೆ: ಬಾವುಟಗುಡ್ಡೆಯ ಸಂತ ಅಲೋಶಿಯಸ್ ಚಾಪೆಲ್ ಅಥವಾ ಬಿಜೈಯ ಶ್ರೀಮಂತಿಬಾಯಿ ಸ್ಮಾರಕ ಸರ್ಕಾರಿ ವಸ್ತುಸಂಗ್ರಹಾಲಯ. ಒಂದನ್ನೇ ನೋಡಲು ಸಾಧ್ಯವಿದ್ದರೆ ಹಿಂದೆಮುಂದೆ ನೋಡದೆ ಚಾಪೆಲ್ ಆರಿಸಿ.

ಕಾರಣ ಇದು. ಇಟಲಿಯಿಂದ ಬಂದ ಜೆಸುಯಿಟ್ ಕಲಾವಿದ ಅಂಟೋನಿಯೊ ಮೊಸ್ಕೆನಿ 1899ರಿಂದ 1901ರವರೆಗೆ ಕೂತು ಈ ಚಾಪೆಲಿನ ಗೋಡೆ, ಕಮಾನು, ಮಾಡುಗಳನ್ನೆಲ್ಲ ಚಿತ್ರದಿಂದ ತುಂಬಿಸಿದರು. ಗೋಡೆಯ ಮೇಲಿನವು ಫ್ರೆಸ್ಕೊ, ಅಂದರೆ ಹಸಿ ಸುಣ್ಣದ ಗಾರೆಯ ಮೇಲೆ ಬಿಡಿಸಿದವು. ಗಾರೆ ಒಣಗುವುದರೊಳಗೆ ಆ ದಿನದ ಭಾಗ ಮುಗಿಯಬೇಕು, ಬಣ್ಣ ಗೋಡೆಯೊಳಗೇ ಸೇರಿಕೊಳ್ಳುತ್ತದೆ, ಆಮೇಲೆ ತಿದ್ದಲು ಬರುವುದಿಲ್ಲ. ಮಾಡಿನಲ್ಲಿರುವವು ಕ್ಯಾನ್‌ವಾಸಿನ ಮೇಲಿನ ತೈಲಚಿತ್ರಗಳು. ಅರಸುಮನೆತನದ ಹಕ್ಕು ಬಿಟ್ಟುಕೊಟ್ಟು, ರೋಮಿನಲ್ಲಿ ಪ್ಲೇಗಿನ ರೋಗಿಗಳ ಆರೈಕೆ ಮಾಡುತ್ತಲೇ ತೀರಿಕೊಂಡ ಅಲೋಶಿಯಸ್ ಗೊಂಜಾಗನ ಬದುಕು ಅಲ್ಲಿದೆ. ಒಳಹೊಕ್ಕವರು ಸಾಮಾನ್ಯವಾಗಿ ನೆಟ್ಟಗೆ ಮೇಲಕ್ಕೇ ನೋಡುತ್ತಾರೆ. ಅದಕ್ಕಿಂತ ಮೊದಲು ಪಕ್ಕದ ಕಮಾನುಗಳ ಅಂಚು ನೋಡಿ. ಗಾರೆಯಲ್ಲಿ ಎಬ್ಬಿಸಿದ ಹೂಬಳ್ಳಿ, ಕೆತ್ತಿದ ಚೌಕಟ್ಟು ಎಂದು ಕಂಡದ್ದರಲ್ಲಿ ಬಹುಪಾಲು ಬರೀ ಬಣ್ಣ. ಗೋಡೆಗೆ ಒತ್ತಿ ನಿಂತು ಓರೆಯಾಗಿ ಕಣ್ಣು ಹಾಯಿಸಿದರೆ ಉಬ್ಬೂ ಇಲ್ಲ, ತಗ್ಗೂ ಇಲ್ಲ, ನೆರಳೆಂದುಕೊಂಡದ್ದೂ ಕುಂಚದ ಕೆಲಸವೇ ಎಂದು ತಿಳಿಯುತ್ತದೆ. ಕಡಲಗಾಳಿಯ ತೇವ ಇಂಥ ಗೋಡೆಗೆ ಒಳ್ಳೆಯದಲ್ಲ. 1990ರ ದಶಕದಲ್ಲಿ ಇದನ್ನು ದೊಡ್ಡ ಮಟ್ಟದಲ್ಲಿ ದುರಸ್ತಿ ಮಾಡಲಾಯಿತು. ಒಳಗೆ ಫೋಟೊ ತೆಗೆಯುವಂತಿಲ್ಲ. ಪೂಜೆ ಅಥವಾ ಮದುವೆಯ ಹೊತ್ತಿನಲ್ಲಿ ಹೊರಗಿನವರಿಗೆ ಪ್ರವೇಶವಿಲ್ಲ, ಹಾಗಾಗಿ ಭಾನುವಾರ ಬೆಳಿಗ್ಗೆ ಇದಕ್ಕೆ ಒಳ್ಳೆಯ ಹೊತ್ತಲ್ಲ.

ಅದೇ ಆವರಣದಲ್ಲಿ ಅಲೋಸಿಯಂ ಎಂಬ ಮ್ಯೂಸಿಯಂ ಇದೆ, 1913ರಲ್ಲಿ ಶುರುವಾದದ್ದು. ಮಂಗಳೂರಿಗೆ ಮೊದಲು ಬಂದ ಕಾರು, 1906ರ ಡಿ ಡಿಯಾನ್ ಬೂಟಾನ್, ಇಲ್ಲಿದೆ. ಚಾಪೆಲ್ ತೆರೆದಿದೆ ಎಂದಮಾತ್ರಕ್ಕೆ ಇದೂ ತೆರೆದಿರಬೇಕೆಂದಿಲ್ಲ, ಬೇರೆಯಾಗಿಯೇ ಕೇಳಿಕೊಳ್ಳಿ.

ಬಿಜೈಯ ಮ್ಯೂಸಿಯಂ ಕೆಎಸ್‌ಆರ್‌ಟಿಸಿ ಬಸ್ ನಿಲ್ದಾಣದ ಹತ್ತಿರವೇ ಇದೆ. ಹಡಗಿನ ಆಕಾರದ ಕಟ್ಟಡ. ಸೈನ್ಯದಲ್ಲಿ ವೈದ್ಯರಾಗಿದ್ದ ಕರ್ನಲ್ ಮಿರಾಜ್‌ಕರ್ ತಮ್ಮ ತಾಯಿಯ ಹೆಸರಿನಲ್ಲಿ ಸರ್ಕಾರಕ್ಕೆ ಕೊಟ್ಟ ಮನೆ ಅದು. 1960ರಲ್ಲಿ ಮ್ಯೂಸಿಯಂ ಆಗಿ ತೆರೆಯಿತು. ಶಿಲ್ಪ, ನಾಣ್ಯ, ಪಿಂಗಾಣಿ, ಆಯುಧ ಎಲ್ಲ ಸ್ವಲ್ಪ ಸ್ವಲ್ಪ. ಜಿಲ್ಲೆಯ ಇತಿಹಾಸವನ್ನು ಒಂದೇ ಸೂರಿನಡಿ ತಿಳಿದುಕೊಳ್ಳೋಣ ಎಂದು ಹೋದರೆ ನಿರಾಸೆಯಾದೀತು. ಒಬ್ಬ ಮನುಷ್ಯನ ಸಂಗ್ರಹದ ಹುಚ್ಚು ಹೇಗಿತ್ತು ಎಂದು ನೋಡಲು ಹೋದರೆ ಬೇಸರವಾಗದು.

ಎರಡನ್ನೂ ನೋಡುವ ಹಟವಿದ್ದರೆ ಕ್ರಮ ಮುಖ್ಯ. ಬೆಳಿಗ್ಗೆ ಎಂಟಕ್ಕೆಲ್ಲ ಕದ್ರಿ ಮಂಜುನಾಥ ದೇವಸ್ಥಾನಕ್ಕೆ ಹೋಗಿ. ಅಲ್ಲಿಯ ಲೋಕೇಶ್ವರನ ಕಂಚಿನ ವಿಗ್ರಹ ಈ ಕರಾವಳಿಯ ಅತ್ಯುತ್ತಮ ಲೋಹಶಿಲ್ಪ ಎಂದರೆ ತಕರಾರು ಮಾಡುವವರು ಕಡಿಮೆ. ಪೀಠದ ಶಾಸನ ಕ್ರಿ.ಶ. 968ರದ್ದು, ಆಳುಪ ಅರಸ ಕುಂದವರ್ಮನ ಕಾಲದ್ದು. ಯಾವ ಮ್ಯೂಸಿಯಮ್ಮಿಗೂ ಹೋಗದೆ, ಪೂಜೆ ನಡೆಯುವ ಕಡೆಯೇ ಉಳಿದಿದೆ. ದೇವಸ್ಥಾನದಿಂದ ಬಿಜೈಗೆ ಆಟೊದಲ್ಲಿ ಹತ್ತು ನಿಮಿಷ, ಅಲ್ಲಿಂದ ಬಾವುಟಗುಡ್ಡೆಗೆ ಇನ್ನೊಂದು ಹತ್ತು ನಿಮಿಷ. ಇದನ್ನೇ ತಿರುಗುಮುರುಗು ಮಾಡಿ ಚಾಪೆಲಿನಿಂದ ಶುರುಮಾಡಿದರೆ ಕದ್ರಿ ತಲುಪುವಾಗ ನಡೆ ಮುಚ್ಚಿರುತ್ತದೆ.

ಚಿತ್ರಕಲೆಯ ಗ್ಯಾಲರಿಗಳ ವಿಷಯ ಚುಟುಕಾಗಿ: ಬಲ್ಲಾಳ್‌ಬಾಗಿನ ಪ್ರಸಾದ್ ಆರ್ಟ್ ಗ್ಯಾಲರಿ, ಕೊಡಿಯಾಲ್‌ಗುತ್ತಿನ ಕಲಾಕೇಂದ್ರ ಇವೆರಡೂ ಪ್ರದರ್ಶನ ನಡೆಯುವಾಗ ಮಾತ್ರ ಹೋಗಬೇಕಾದ ಜಾಗಗಳು. ಊರಿನ ಪತ್ರಿಕೆಯ "ಇಂದಿನ ಕಾರ್ಯಕ್ರಮ" ನೋಡದೆ ಹೋದರೆ ಖಾಲಿ ಗೋಡೆ ನೋಡಿ ಬರಬೇಕಾಗುತ್ತದೆ.

ಹಳೆಯ ಮನೆ ನೋಡುವ ನಾಲ್ಕು ದಾರಿ

ಕರಾವಳಿಗೆ ಬಂದವರಲ್ಲಿ ಅರ್ಧ ಜನ ಹುಡುಕುವುದು ಇದನ್ನೇ: ಚಾವಡಿ, ನಡು ಅಂಗಳ, ಕೆತ್ತಿದ ಕಂಬ, ಭತ್ತ ತುಂಬಿಡುವ ಪತ್ತಾಯ ಇರುವ ಹಳೆಯ ಕಾಲದ ಮನೆ. ಇಲ್ಲಿ ನಾಲ್ಕು ಬೇರೆ ಬೇರೆ ಬಗೆಯಲ್ಲಿ ಅದನ್ನು ನೋಡಬಹುದು. ನಾಲ್ಕೂ ಒಂದೇ ಎಂದುಕೊಂಡು ಹತ್ತಿರವಿರುವುದಕ್ಕೆ ಹೋಗಿಬಿಡುವುದು ಸಾಮಾನ್ಯವಾಗಿ ಆಗುವ ತಪ್ಪು.

ಮಣಿಪಾಲದ ಹಸ್ತಶಿಲ್ಪ ಪರಂಪರೆಯ ಗ್ರಾಮ ಇವುಗಳಲ್ಲಿ ಎಲ್ಲಕ್ಕಿಂತ ದೊಡ್ಡದು. ವಿಜಯನಾಥ ಶೆಣೈ ಕಟ್ಟಿದ್ದು. ವಾರಸುದಾರರು ಬೇಡವೆಂದು ಕೆಡವಲು ಹೊರಟ ಮನೆಗಳನ್ನು ಬಿಚ್ಚಿ, ತಂದು, ಆರು ಎಕರೆಯಷ್ಟು ಜಾಗದಲ್ಲಿ ಮತ್ತೆ ಜೋಡಿಸಿ ನಿಲ್ಲಿಸಿದ್ದಾರೆ. ಹರ್ಕೂರಿನ ಒಳಗಿನ ಮನೆ, ಭಟ್ಕಳದ ನವಾಯತ ಮುಸ್ಲಿಮರ ಮನೆ, ಮುಧೋಳ ಅರಮನೆಯ ದರ್ಬಾರು, ಕುಕನೂರಿನ ಕಮಲ ಮಹಲ್, ದಖನಿ ನವಾಬ್ ಮಹಲ್ ಇವೆಲ್ಲ ಅಕ್ಕಪಕ್ಕ. ಅಂದರೆ ಇದು ಕರಾವಳಿಯ ಮನೆಗಳ ಸಂಗ್ರಹ ಮಾತ್ರವಲ್ಲ, ಘಟ್ಟದ ಮೇಲಿನದ್ದೂ ಇದೆ. ಕಂಬದಿಂದ ಕದದವರೆಗೆ ನಿಜವಾದ ಹಳೆಯ ಸಾಮಾನು. ಬದಲಾದದ್ದು ಜಾಗ ಮಾತ್ರ. ಒಳಗೆ ಗೈಡ್ ಜೊತೆ ತಂಡವಾಗಿ ಹೋಗಬೇಕು, ಫೋಟೊ ಇಲ್ಲ, ಒಂದು ಮನೆಯಲ್ಲಿ ಮನಸ್ಸು ನೆಟ್ಟಿತೆಂದು ಅಲ್ಲೇ ಕೂರಲು ಬಿಡುವುದಿಲ್ಲ. ಟಿಕೆಟ್ ಇಲ್ಲಿಯ ಬೇರೆಲ್ಲ ಮ್ಯೂಸಿಯಂಗಳಿಗಿಂತ ದುಬಾರಿ. ಎರಡು ಮೂರು ಗಂಟೆ ನಡೆದಾಡುವ, ಹೊಸ್ತಿಲು ದಾಟಿ ಮೆಟ್ಟಿಲು ಹತ್ತುವ ಕೆಲಸವಿದೆ. ಮಂಡಿನೋವಿನ ಅಜ್ಜಿಯಂದಿರಿಗೂ ಐದು ವರ್ಷದೊಳಗಿನ ಮಕ್ಕಳಿಗೂ ಇದು ಹೇಳಿಸಿದ್ದಲ್ಲ. ಮರಗೆಲಸದಲ್ಲಿ, ಮನೆ ಕಟ್ಟುವುದರಲ್ಲಿ ಆಸಕ್ತಿಯಿದ್ದವರಿಗೆ ಮಾತ್ರ ಕೊಟ್ಟ ದುಡ್ಡಿನ ಒಂದೊಂದು ರೂಪಾಯಿಯೂ ವಸೂಲು. ಮೊದಲೇ ಫೋನ್ ಮಾಡಿ ಸಮಯ ಗೊತ್ತುಮಾಡಿಕೊಳ್ಳದೆ ಹೋಗಲೇಬೇಡಿ.

ಮೂಡುಬಿದಿರೆಯ ಚೌಟರ ಅರಮನೆ ಇದಕ್ಕೆ ತದ್ವಿರುದ್ಧ. ಯಾವುದನ್ನೂ ಎಲ್ಲಿಂದಲೋ ತಂದಿಲ್ಲ, ಚೌಟ ಅರಸರ ಮನೆತನದವರು ಈಗಲೂ ಇರುವ ಮನೆ. ಅರಮನೆ ಎಂಬ ಹೆಸರು ಕೇಳಿ ಮೈಸೂರನ್ನು ನೆನೆಸಿಕೊಂಡು ಹೋಗಬಾರದು. ತಗ್ಗು ಮಾಡಿನ ಹೆಂಚಿನ ಕಟ್ಟಡ, ಒಳಗೆ ಅರೆಗತ್ತಲು. ನೋಡಬೇಕಾದದ್ದು ಮರದ ಕಂಬಗಳ ಕೆತ್ತನೆ. ಒಂಬತ್ತು ಹೆಂಗಸರು ಒಬ್ಬರಿಗೊಬ್ಬರು ಹೆಣೆದುಕೊಂಡು ಆನೆಯಾಗಿರುವ ನವನಾರಿ ಕುಂಜರ, ಐವರು ಸೇರಿ ಕುದುರೆಯಾಗಿರುವ ಪಂಚನಾರಿ ತುರಗ. ದೂರದಿಂದ ಆನೆ, ಕುದುರೆ ಅಷ್ಟೇ. ಹತ್ತಿರ ಹೋಗಿ ಒಂದೊಂದೇ ಮೈಯನ್ನು ಬಿಡಿಸಿ ಎಣಿಸಿ ನೋಡಿ: ಯಾರ ಕೈ ಸೊಂಡಿಲಾಯಿತು, ಯಾರ ಕಾಲು ಹಿಂಗಾಲಾಯಿತು ಎಂಬುದು ಆಗ ಬಿಡಿಸಿಕೊಳ್ಳುತ್ತದೆ. ಇದಕ್ಕೆ ಬೆಳಕು ಬೇಕು, ಮೊಬೈಲಿನ ಟಾರ್ಚನ್ನು ಪಕ್ಕದಿಂದ ಹಿಡಿದರೆ ನೆರಳು ಬಿದ್ದು ಗೆರೆ ಸ್ಪಷ್ಟವಾಗುತ್ತದೆ, ನೇರ ಮುಂದಿನಿಂದ ಹಿಡಿದರೆ ಎಲ್ಲ ಚಪ್ಪಟೆ. ಮನೆಯವರನ್ನು ಕೇಳಿಯೇ ಒಳಗೆ ಹೋಗುವುದು, ಕೇಳಿಯೇ ಬೆಳಕು ಹಾಕುವುದು. ಊಟದ ಹೊತ್ತು ತಪ್ಪಿಸಿ.

ಮೂರನೆಯದು ಪಿಲಿಕುಳದ ಗುತ್ತಿನ ಮನೆ. ಮಂಗಳೂರಿನಿಂದ ಹನ್ನೆರಡು ಕಿ.ಮೀ. ಆಸುಪಾಸಿನ ವಾಮಂಜೂರಿನಲ್ಲಿ ನಿಸರ್ಗಧಾಮದೊಳಗೆ, ತುಳುನಾಡಿನ ಗುತ್ತು ಮನೆಗಳ, ಅಂದರೆ ಊರಿನ ಯಜಮಾನಿಕೆಯ ಮನೆತನಗಳ ದೊಡ್ಡ ಮನೆಗಳ ಮಾದರಿಯಲ್ಲಿ ಹೊಸದಾಗಿ ಕಟ್ಟಿದ್ದು. ಹಳೆಯದಲ್ಲ ಎಂದು ಮೂಗು ಮುರಿಯುವವರಿದ್ದಾರೆ. ಆದರೆ ಮಕ್ಕಳ ಜೊತೆ ಬಂದವರಿಗೆ ನಾಲ್ಕರಲ್ಲಿ ಇದೇ ವಾಸಿ. ಕಂಬ ಮುಟ್ಟಿದರೆ ಯಾರೂ ಗದರುವುದಿಲ್ಲ, ಪಕ್ಕದಲ್ಲಿ ಕುಶಲಕರ್ಮಿಗಳ ಗ್ರಾಮ, ಮೃಗಾಲಯ, ವಿಜ್ಞಾನ ಕೇಂದ್ರ, ತ್ರೀಡಿ ತಾರಾಲಯ ಎಲ್ಲ ಇವೆ. ಎಲ್ಲಕ್ಕೂ ಒಂದೇ ಟಿಕೆಟ್ ಎಂದುಕೊಳ್ಳಬೇಡಿ. ಗೇಟಿನಲ್ಲೇ ಯಾವುದು ಯಾವುದು ಬೇಕು ಎಂದು ತೀರ್ಮಾನಿಸಿ, ತಾರಾಲಯದ ಶೋ ಸಮಯವನ್ನು ಮೊದಲು ಕೇಳಿಕೊಂಡು ಉಳಿದದ್ದನ್ನು ಅದರ ಸುತ್ತ ಹೊಂದಿಸಿಕೊಳ್ಳಿ. ಒಂದರಿಂದ ಇನ್ನೊಂದಕ್ಕೆ ನಡಿಗೆ ದೂರ, ಬಿಸಿಲಿನಲ್ಲಿ ಅದು ಇನ್ನೂ ದೂರ.

ಬಿ.ಸಿ. ರೋಡಿನ ಸಂಚಯಗಿರಿಯಲ್ಲಿರುವ ರಾಣಿ ಅಬ್ಬಕ್ಕ ತುಳು ಅಧ್ಯಯನ ಕೇಂದ್ರದ ತುಳು ಬದುಕು ವಸ್ತುಸಂಗ್ರಹಾಲಯ ನಾಲ್ಕನೆಯದು. ಪ್ರೊ. ತುಕಾರಾಂ ಪೂಜಾರಿ ಕಟ್ಟಿದ ಖಾಸಗಿ ಸಂಗ್ರಹ. ಇಲ್ಲಿ ಮುಖ್ಯವಾದದ್ದು ಕಟ್ಟಡವಲ್ಲ, ಮನೆಯೊಳಗಿನ ಬದುಕು: ಬೇಸಾಯದ ಹತಾರ, ಅಳತೆಯ ಸೇರು ಕಳಸೆ, ಅಡುಗೆಮನೆಯ ಪಾತ್ರೆ ಪಗಡಿ. ಗಾಜಿನ ಪೆಟ್ಟಿಗೆಯೊಳಗಿನ ರಾಜಮಹಾರಾಜರ ವೈಭವ ಬೇಕೆನ್ನುವವರಿಗೆ ರುಚಿಸದು. ಅರುವತ್ತು ದಾಟಿದ ತುಳುವರೊಬ್ಬರನ್ನು ಕರೆದುಕೊಂಡು ಹೋದರೆ ಮಾತ್ರ ಬೇರೆ ಗೈಡ್ ಬೇಡ. ಒಂದೊಂದು ವಸ್ತುವಿಗೂ ಒಂದೊಂದು ಕತೆ ತಾನಾಗಿಯೇ ಹೊರಡುತ್ತದೆ. ಧರ್ಮಸ್ಥಳದ ದಾರಿಯಲ್ಲೇ ಇರುವುದರಿಂದ ಹೋಗುತ್ತಲೋ ಬರುತ್ತಲೋ ಹೊಂದಿಸಿಕೊಳ್ಳಬಹುದು, ಫೋನ್ ಮಾಡಿ ಹೋಗಬೇಕು ಅಷ್ಟೆ.

ಮೂಡುಬಿದಿರೆ, ಕಾರ್ಕಳ, ವೇಣೂರು

"ಜೈನ ಸರ್ಕಿಟ್" ಎಂದು ಟ್ರಾವೆಲ್ಸಿನವರು ಮೂರನ್ನೂ ಒಂದೇ ದಿನಕ್ಕೆ ಮಾರುತ್ತಾರೆ. ಸ್ವಂತ ಗಾಡಿಯಿದ್ದರೆ ಆಗುತ್ತದೆ. ಬಸ್ಸಿನವರು ಮೂಡುಬಿದಿರೆ, ಕಾರ್ಕಳ ಎರಡಕ್ಕೇ ನಿಲ್ಲಿಸುವುದು ಒಳ್ಳೆಯದು. ಮಂಗಳೂರಿನ ಸ್ಟೇಟ್‌ಬ್ಯಾಂಕ್ ಬಸ್ ನಿಲ್ದಾಣದಿಂದ ಮೂಡುಬಿದಿರೆಯ ಮೇಲಿಂದ ಕಾರ್ಕಳಕ್ಕೆ ಖಾಸಗಿ ಬಸ್ಸುಗಳು ಒಂದರ ಹಿಂದೆ ಒಂದು ಇವೆ. ಮೂಡುಬಿದಿರೆ ಸುಮಾರು 35 ಕಿ.ಮೀ., ಅಲ್ಲಿಂದ ಕಾರ್ಕಳ ಇನ್ನೊಂದು 18. ವೇಣೂರಿನ ಕಡೆ ಬಸ್ಸು ವಿರಳ, ತಪ್ಪಿದರೆ ಕಾಯಬೇಕು.

ಒಂದೇ ಸಾಧ್ಯ ಎಂದರೆ ಮೂಡುಬಿದಿರೆ. 1430ರ ಸುಮಾರಿಗೆ ಕಟ್ಟಿದ ಸಾವಿರ ಕಂಬದ ಬಸದಿಯೇ ಒಂದು ಗಂಟೆಗಿಂತ ಹೆಚ್ಚು ಬೇಡುತ್ತದೆ. ಮೂರು ಅಂತಸ್ತು, ಕೆಳಗೆ ಕಲ್ಲು, ಮೇಲೆ ಮಳೆನೀರು ಜಾರಿಹೋಗುವ ಇಳಿಜಾರು ಮಾಡು. ಈ ಮಾಡು ನೋಡಿ ನೇಪಾಳದ ನೆನಪಾಗುತ್ತದೆ ಎನ್ನುವವರು ಬಹಳ. ಆದರೆ ವರ್ಷಕ್ಕೆ ನಾಲ್ಕು ತಿಂಗಳು ಜಡಿಮಳೆ ಹೊಡೆಯುವ ಊರಿನಲ್ಲಿ ಇದಲ್ಲದೆ ಬೇರೆ ಹೇಗೆ ಕಟ್ಟಬೇಕಿತ್ತು? ಕಂಬಗಳನ್ನು ಎಣಿಸಲು ಹೋಗದೆ ಒಂದೊಂದರ ಕೆತ್ತನೆ ನೋಡಿ. ಮುಂದಿನ ಭೈರಾದೇವಿ ಮಂಟಪದ ಹತ್ತಿರ ಮಾತ್ರ ತಲೆ ತಗ್ಗಿಸಬೇಕು: ಕೆಳಗೆ ಜಗಲಿಯ ಅಧಿಷ್ಠಾನದ, ಅಂದರೆ ಬುಡದ ಕಟ್ಟೆಯ ಪಟ್ಟಿಯಲ್ಲಿ ಜಿರಾಫೆ ಇದೆ, ಚೀನಾದ ಡ್ರ್ಯಾಗನ್ ಇದೆ. ಕಡಲ ವ್ಯಾಪಾರ ಈ ಊರಿನ ಶಿಲ್ಪಿಗೆ ಏನೇನನ್ನು ತೋರಿಸಿತ್ತು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಪುರಾವೆ ಬೇಡ. ಮೇಲೆ ನೋಡುತ್ತ ಒಳಗೆ ನಡೆದುಬಿಡುವವರಿಗೆ ಇದು ತಪ್ಪಿಹೋಗುತ್ತದೆ.

ಊರಿನಲ್ಲಿ ಒಟ್ಟು ಹದಿನೆಂಟು ಬಸದಿಗಳು. ಎಲ್ಲ ನೋಡುವ ಅಗತ್ಯವಿಲ್ಲ. ಗುರು ಬಸದಿಯನ್ನು ಬಿಡಬೇಡಿ. ಧವಳ, ಜಯಧವಳ, ಮಹಾಧವಳ ಎಂಬ ಜೈನ ಸಿದ್ಧಾಂತ ಗ್ರಂಥಗಳ ತಾಳೆಗರಿ ಪ್ರತಿಗಳನ್ನು ನೂರಾರು ವರ್ಷ ಜೋಪಾನ ಮಾಡಿದ್ದು ಇದೇ ಊರು. ಆ ತಾಳೆಗರಿ ನೋಡುವ ಆಸೆಯಿದ್ದರೆ ಸುಮ್ಮನೆ ಬಂದು ಕೇಳಿದರಾಗದು, ಊರಿನ ಜೈನ ಮಠಕ್ಕೆ ಮೊದಲೇ ಬರೆದು ಅನುಮತಿ ಪಡೆಯಬೇಕು. ಪೇಟೆಗೆ ಹತ್ತಿರದ ಕೊಡಂಗಲ್ಲಿನಲ್ಲಿ ಮುರಕಲ್ಲಿನಿಂದ, ಅಂದರೆ ಕೆಂಪು ಜಂಬಿಟ್ಟಿಗೆಯಿಂದ, ಹಂತ ಹಂತವಾಗಿ ಕಟ್ಟಿದ ಜೈನ ಸಮಾಧಿಗಳಿವೆ. ಜನ ಹೋಗದ ಜಾಗ, ಫೋಟೊ ತೆಗೆಯುವವರಿಗೆ ಸುಗ್ಗಿ.

ಕಾರ್ಕಳಕ್ಕೆ ಹೋಗುವವರು ಗೊಮ್ಮಟನನ್ನು ನೋಡಿ ಇಳಿದುಬಿಡುತ್ತಾರೆ. ಭೈರರಸ ವೀರಪಾಂಡ್ಯ 1432ರಲ್ಲಿ ನಿಲ್ಲಿಸಿದ ಈ ಮೂರ್ತಿ ಹತ್ತಿರ ಹತ್ತಿರ 42 ಅಡಿ. ಬಂಡೆಯಲ್ಲಿ ಕಡಿದ ಮೆಟ್ಟಿಲು ಹತ್ತಬಹುದು, ಆಗದವರಿಗೆ ಗಾಡಿ ಮೇಲಿನವರೆಗೂ ಹೋಗುವ ರಸ್ತೆಯಿದೆ. ಆದರೆ ಗೊಮ್ಮಟನ ಎದುರಿನ ಚಿಕ್ಕ ಗುಡ್ಡದ ಮೇಲಿನ ಚತುರ್ಮುಖ ಬಸದಿ, ನಮ್ಮ ಲೆಕ್ಕದಲ್ಲಿ, ಕಟ್ಟಡವಾಗಿ ಸಾವಿರ ಕಂಬಕ್ಕಿಂತಲೂ ಒಂದು ಕೈ ಮೇಲು. 1586ರದ್ದು, ಪೂರ್ತಿ ಕರಿಕಲ್ಲು, 108 ಕಂಬ. ನಾಲ್ಕು ದಿಕ್ಕಿಗೂ ಒಂದೇ ತೆರನ ಬಾಗಿಲು. ಯಾವುದರಿಂದ ಒಳಬಂದರೂ ಎದುರಿಗೆ ಅರ, ಮಲ್ಲಿ, ಮುನಿಸುವ್ರತ ಎಂಬ ಮೂವರು ತೀರ್ಥಂಕರರು ಸಾಲಾಗಿ ನಿಂತಿರುತ್ತಾರೆ. ನಾಲ್ಕೂ ಬಾಗಿಲು ಸುತ್ತಿ ಬರದೆ ಈ ಲೆಕ್ಕಾಚಾರ ಅರ್ಥವಾಗುವುದಿಲ್ಲ. ಅಲ್ಲಿನ ಜಗಲಿಯಿಂದಲೇ ಗೊಮ್ಮಟನ ಬೆಟ್ಟ ಚೆನ್ನಾಗಿ ಕಾಣುತ್ತದೆ. ಬೆಟ್ಟ ಹತ್ತಲಾಗದ ಹಿರಿಯರನ್ನು ಇಲ್ಲೇ ಕೂರಿಸಬಹುದು.

ವೇಣೂರಿನ ಗೊಮ್ಮಟ ಇವುಗಳಲ್ಲಿ ಚಿಕ್ಕವನು, 35 ಅಡಿ. 1604ರಲ್ಲಿ ತಿಮ್ಮಣ್ಣ ಅಜಿಲ ಫಲ್ಗುಣಿ ನದಿಯ ದಡದಲ್ಲಿ ನಿಲ್ಲಿಸಿದ್ದು. ಬೆಟ್ಟವಿಲ್ಲ, ಏರಿಲ್ಲ, ಗಾಡಿಯಿಂದ ಇಳಿದು ನಾಲ್ಕು ಹೆಜ್ಜೆ. ಮುಖವನ್ನು ಹತ್ತಿರದಿಂದ ನೋಡಬೇಕೆಂದರೆ ಇದೇ ಸರಿ. ಮೂಡುಬಿದಿರೆಯಿಂದ ಬೆಳ್ತಂಗಡಿ, ಧರ್ಮಸ್ಥಳದ ಕಡೆ ಮುಂದುವರಿಯುವವರಿಗೆ ದಾರಿಯಲ್ಲೇ ಸಿಗುತ್ತದೆ. ಉಡುಪಿಗೆ ಹಿಂತಿರುಗುವವರಿಗೆ ಸುತ್ತು.

ಇಲ್ಲೆಲ್ಲ ಕಾಡುವ ಒಂದು ವಿಷಯವನ್ನು ಯಾರೂ ಮೊದಲೇ ಹೇಳುವುದಿಲ್ಲ: ಕಾಲು ಸುಡುವುದು. ಚಪ್ಪಲಿ ಹೊರಗೆ ಬಿಡಬೇಕು, ಮಾರ್ಚಿನಿಂದ ಮೇ ತನಕ ಹನ್ನೊಂದು ಗಂಟೆಯ ಮೇಲೆ ಅಂಗಳದ ಕಲ್ಲಿನ ಮೇಲೆ ಕಾಲಿಡಲಾಗದು. ಒಂಬತ್ತರೊಳಗೆ ಹೋಗಿ, ಇಲ್ಲವೇ ನಾಲ್ಕರ ಮೇಲೆ ಹೋಗಿ ಕತ್ತಲಾಗುವ ಮೊದಲು ಮುಗಿಸಿ. ಚರ್ಮದ ಬೆಲ್ಟು, ಪರ್ಸು ಗಾಡಿಯಲ್ಲೇ ಬಿಟ್ಟರೆ ಬಾಗಿಲಲ್ಲಿ ಮಾತು ಬರುವುದಿಲ್ಲ. ಕಾರ್ಕಳ, ವೇಣೂರು ಎರಡು ಕಡೆಯ ಗೊಮ್ಮಟನಿಗೂ ಹನ್ನೆರಡು ವರ್ಷಕ್ಕೊಮ್ಮೆ ಆಸುಪಾಸಿನಲ್ಲಿ ಮಹಾಮಸ್ತಕಾಭಿಷೇಕ ನಡೆಯುವ ವಾಡಿಕೆ. ಕಾರ್ಕಳದಲ್ಲಿ ಹಿಂದಿನದು 2015ರಲ್ಲಿ, ವೇಣೂರಿನಲ್ಲಿ 2024ರಲ್ಲಿ ಆಯಿತು. ಉತ್ಸವದ ತಿಂಗಳು ಮೂರ್ತಿಯ ಸುತ್ತ ಅಟ್ಟಣಿಗೆ ಕಟ್ಟಿರುತ್ತಾರೆ. ಶಿಲ್ಪ ನೋಡಲು ಬಂದವರು ಆ ದಿನಗಳನ್ನು ಬಿಟ್ಟು ಬರಬೇಕು, ಅಭಿಷೇಕ ನೋಡಲು ಬಂದವರ ಮಾತು ಬೇರೆ.

ಉಳಿದ ಸಂಗ್ರಹಗಳು, ಬೇಗ ಬೇಗ

ಧರ್ಮಸ್ಥಳದ ಮಂಜೂಷಾ ಮ್ಯೂಸಿಯಂ ಅಗಾಧ: ವಿಗ್ರಹ, ಪಲ್ಲಕ್ಕಿ, ಗಡಿಯಾರ, ಕ್ಯಾಮೆರಾ, ಪಾತ್ರೆ, ಬೇರೆಯಾಗಿ ಹಳೆಯ ಕಾರುಗಳು. ವೀರೇಂದ್ರ ಹೆಗ್ಗಡೆಯವರ ಸಂಗ್ರಹ. ಸಾಮಾನು ಹೆಚ್ಚು, ವಿವರ ಕಡಿಮೆ. ಒಂದು ಬಗೆಯ ವಸ್ತುವನ್ನು ಆರಿಸಿಕೊಂಡು ಅದನ್ನಷ್ಟೇ ನಿಧಾನವಾಗಿ ನೋಡಿದರೆ ತಲೆ ತಿರುಗುವುದಿಲ್ಲ. ದರ್ಶನದ ಸಾಲು ಮುಗಿಸಿ ಸಂಜೆಯ ಹೊತ್ತು ಹೋಗಲು ಅನುಕೂಲ. ಲಕ್ಷದೀಪೋತ್ಸವದ ದಿನಗಳಲ್ಲಿ ಬೇಡ.

ಉಡುಪಿಯ ನಾಣ್ಯ ಮ್ಯೂಸಿಯಂ ಕಾರ್ಪೊರೇಷನ್ ಬ್ಯಾಂಕಿನ ಸ್ಥಾಪಕ ಹಾಜಿ ಅಬ್ದುಲ್ಲಾ ಅವರ ಹಳೆಯ ಮನೆಯಲ್ಲಿದೆ. ಬ್ಯಾಂಕು 1906ರಲ್ಲಿ ಹುಟ್ಟಿ 2020ರಲ್ಲಿ ಯೂನಿಯನ್ ಬ್ಯಾಂಕಿನಲ್ಲಿ ವಿಲೀನವಾಯಿತು. ರಥಬೀದಿಗೆ ಬಂದವರು ಕೃಷ್ಣಮಠದ ಸಾಲು ಉದ್ದವಿದ್ದರೆ ಮುಕ್ಕಾಲು ಗಂಟೆ ಇಲ್ಲಿ ಕಳೆಯಬಹುದು. ಬ್ಯಾಂಕ್ ರಜೆಯ ದಿನ ಹೋಗುವ ಮೊದಲು ವಿಚಾರಿಸಿಕೊಳ್ಳಿ. ಕೃಷ್ಣಮಠದ ಪೂಜೆಯ ಹೊಣೆ ಎರಡು ವರ್ಷಕ್ಕೊಮ್ಮೆ ಮಠದಿಂದ ಮಠಕ್ಕೆ ಕೈಬದಲಾಗುವ ಪರ್ಯಾಯದ ಜನವರಿಯಲ್ಲಿ ಊರೊಳಗೆ ಗಾಡಿ ತರುವ ಯೋಚನೆಯೇ ಬೇಡ.

ಮಣಿಪಾಲದ ಅಂಗರಚನಾ ಮ್ಯೂಸಿಯಮ್ಮಿನಲ್ಲಿ ಮೂರು ಸಾವಿರಕ್ಕೂ ಹೆಚ್ಚು ಮಾದರಿಗಳಿವೆ, ಆನೆ ತಿಮಿಂಗಿಲಗಳ ಅಸ್ಥಿಪಂಜರವೂ ಸೇರಿ. ಪಿಯುಸಿ ವಿಜ್ಞಾನದ ಮಕ್ಕಳಿಗೆ ಹಸ್ತಶಿಲ್ಪಕ್ಕಿಂತ ಇದು ಹಿಡಿಸುತ್ತದೆ. ಚಿಕ್ಕ ಮಕ್ಕಳಿಗೂ ಬಸುರಿಯರಿಗೂ ಬೇಡ. ಭ್ರೂಣಗಳು, ರೋಗ ತಗಲಿದ ಅಂಗಗಳು ಬಾಟಲಿಗಳಲ್ಲಿ ಸಾಲಾಗಿವೆ.

ಕೋಟೆ: ಬೇಕಲವೋ ಮಿರ್ಜಾನೋ

ಮಂಗಳೂರಿನ ಬೋಳೂರಿನಲ್ಲಿರುವ ಸುಲ್ತಾನ್ ಬತ್ತೇರಿಯನ್ನು ಕೋಟೆ ಎಂದು ನಂಬಿ ದೂರದಿಂದ ಬರಬೇಡಿ. 1784ರಲ್ಲಿ ಟಿಪ್ಪು ಕಟ್ಟಿಸಿದ ಕಾವಲು ಬುರುಜು, ಇಪ್ಪತ್ತು ನಿಮಿಷದ ಮಾತು. ಫೆರಿಯಲ್ಲಿ ನದಿ ದಾಟಿ ತಣ್ಣೀರುಬಾವಿ ಕಡಲತಡಿಗೆ ಹೋಗುವವರು ದಾರಿಯಲ್ಲಿ ಹತ್ತಿ ಇಳಿದರೆ ಸರಿ.

ನಿಜವಾದ ಆಯ್ಕೆ ತೆಂಕಿನ ಬೇಕಲ, ಬಡಗಿನ ಮಿರ್ಜಾನ್ ನಡುವೆ. ಎರಡೂ ಮುರಕಲ್ಲಿನವು. ಬೇಕಲ ಕೇರಳದಲ್ಲಿದ್ದರೂ ಕಟ್ಟಿದ ಕೀರ್ತಿ ಕೆಳದಿಯ ಶಿವಪ್ಪ ನಾಯಕನದು, 1650ರ ಸುಮಾರು. 1956ರವರೆಗೆ ಆ ಸೀಮೆ ದಕ್ಷಿಣ ಕನ್ನಡ ಜಿಲ್ಲೆಯಲ್ಲೇ ಇತ್ತು. ಸುಮಾರು 40 ಎಕರೆ, ಮೂರು ಕಡೆ ಕಡಲು, ನಡುವೆ ಎತ್ತರದ ನೋಟದ ದಿಬ್ಬ, ಮೆಟ್ಟಿಲಿಳಿಯುವ ಕೊಳ, ಮದ್ದಿನ ಮನೆ. ನೆರಳು ಮಾತ್ರ ಎಲ್ಲೂ ಇಲ್ಲ. ಮೂರೂವರೆಗೆ ಒಳಹೊಕ್ಕು ಮುಚ್ಚುವ ಹೊತ್ತಿಗೆ ಹೊರಬರುವುದು ಸರಿಯಾದ ಲೆಕ್ಕ. ಪುರಾತತ್ವ ಇಲಾಖೆಯ ಟಿಕೆಟ್ಟನ್ನು ಆನ್‌ಲೈನಿನಲ್ಲಿ ತೆಗೆದರೆ ಸ್ವಲ್ಪ ಕಡಿಮೆ, 15 ವರ್ಷದೊಳಗಿನವರಿಗೆ ಟಿಕೆಟ್ ಬೇಡ. ಮುಸ್ಸಂಜೆ ಕಡಲಲ್ಲಿ ಸೂರ್ಯ ಮುಳುಗುವುದನ್ನು ಬುರುಜಿನ ಮೇಲೆ ನಿಂತು ನೋಡುತ್ತೇವೆ ಎಂದು ಹೊರಟವರನ್ನು ಕಾವಲುಗಾರರು ಸೀಟಿ ಊದಿ ಹೊರಗೆ ಕಳಿಸುತ್ತಾರೆ.

ಮಿರ್ಜಾನ್ ಕುಮಟಾದಿಂದ ಹನ್ನೊಂದು ಕಿ.ಮೀ. ಅಷ್ಟು, ಹೆದ್ದಾರಿಯಿಂದ ಸ್ವಲ್ಪವೇ ಒಳಗೆ, ಅಘನಾಶಿನಿಯ ಮಗ್ಗುಲಲ್ಲಿ. ಕಡಲು ಕಾಣುವುದಿಲ್ಲ. ಗೇರುಸೊಪ್ಪೆಯ ರಾಣಿ ಚೆನ್ನಭೈರಾದೇವಿಯ ಹೆಸರಿನೊಂದಿಗೆ ತಳಕು ಹಾಕಿಕೊಂಡ ಕೋಟೆ. ಪೋರ್ಚುಗೀಸರು ಕಾಳುಮೆಣಸಿನ ರಾಣಿ ಎಂದು ಕರೆದದ್ದು ಅವಳನ್ನೇ. 2000-01ರ ಉತ್ಖನನದಲ್ಲಿ 1652ರ ಪೋರ್ಚುಗೀಸ್ ಚಿನ್ನದ ನಾಣ್ಯ, ಚೀನೀ ಪಿಂಗಾಣಿಯ ಚೂರುಗಳು ಸಿಕ್ಕವು. ಇಬ್ಬಗೆಯ ಗೋಡೆ, ಕಂದಕ, ಬಾವಿಗಳು, ಬಾವಿಯೊಳಕ್ಕೆ ಇಳಿಯುವ ದಾರಿ ಹೀಗೆ ಕೋಟೆಯ ಒಳರಚನೆ ತಿಳಿಯಲು ಬೇಕಲಕ್ಕಿಂತ ಇದೇ ಮೇಲು. ಬೇಕಲದಲ್ಲಿ ನೋಟ, ಮಿರ್ಜಾನಿನಲ್ಲಿ ಕೋಟೆ ಎಂದಿಟ್ಟುಕೊಳ್ಳಿ. ಗೋಕರ್ಣಕ್ಕೆ ಹೋಗುವವರು ಇದನ್ನು ಬಿಟ್ಟು ಮುಂದೆ ಹೋಗುವುದು ಅನ್ಯಾಯ. ಕೋಟೆಯೊಳಗೆ ನೀರು, ತಿಂಡಿ ಏನೂ ಸಿಗದು, ಕುಮಟಾದಲ್ಲೇ ಮುಗಿಸಿಕೊಂಡು ಬನ್ನಿ.

ಮಕ್ಕಳಿದ್ದರೆ ಕಾರವಾರದವರೆಗೂ ಹೋಗುವುದು ಲಾಭ. ಟ್ಯಾಗೋರ್ ಕಡಲತಡಿಯಲ್ಲಿ ಐಎನ್‌ಎಸ್ ಚಪಲ್ ಎಂಬ ಕ್ಷಿಪಣಿ ನೌಕೆಯನ್ನು ದಡಕ್ಕೆ ತಂದು ನಿಲ್ಲಿಸಿದ್ದಾರೆ, ಪಕ್ಕದಲ್ಲೇ ನೌಕಾಪಡೆ 2017ರಲ್ಲಿ ನಿವೃತ್ತಿಗೊಳಿಸಿದ ಟುಪೊಲೆವ್ 142 ವಿಮಾನ. ನೌಕೆಯ ಒಳಗಿನ ಏಣಿ ಕಡಿದು, ಬಾಗಿಲು ತಗ್ಗು, ತಲೆ ಜೋಪಾನ. ಕಬ್ಬಿಣದ ಒಡಲು ಮಧ್ಯಾಹ್ನ ಕಾದು ಒಳಗೆ ನಿಲ್ಲಲಾಗದು, ಬೆಳಿಗ್ಗೆ ತೆರೆದ ಕೂಡಲೇ ಹೋಗಿ.

ಮಳೆಗಾಲದಲ್ಲಿ ಬಂದರೆ

ಜೂನಿನಿಂದ ಸೆಪ್ಟೆಂಬರಿನವರೆಗೆ ಮೇಲಿನ ಲೆಕ್ಕವೆಲ್ಲ ಅಡಿಮೇಲು. ಮಿರ್ಜಾನ್ ಈ ತಿಂಗಳುಗಳಲ್ಲೇ ಚೆಂದ, ಗೋಡೆಯೆಲ್ಲ ಹಸಿರು. ಆ ಹಸಿರೇ ಅಪಾಯ: ಪಾಚಿ ಹಿಡಿದ ಮುರಕಲ್ಲಿನ ಮೇಲೆ ನಯವಾದ ತಳದ ಶೂ, ಹವಾಯಿ ಚಪ್ಪಲಿ ಎರಡೂ ಜಾರುತ್ತವೆ. ತಳದಲ್ಲಿ ಗೀರು ಇರುವ ರಬ್ಬರಿನ ಚಪ್ಪಲಿ ಬೇಕು, ಗೋಡೆಯ ಅಂಚಿಗೆ ಹೋಗಬಾರದು, ಬಾವಿಯೊಳಕ್ಕೆ ಇಳಿಯುವ ಮೆಟ್ಟಿಲಿಗೆ ಕಾಲಿಡಲೇಬಾರದು. ಬಸದಿಗಳಿಗೆ ಹೋಗಲು ತೊಂದರೆಯಿಲ್ಲ, ಕಾಲೂ ಸುಡದು. ಆದರೆ ಮೋಡದ ದಿನ ಒಳಗೆ ಕತ್ತಲು, ಕರೆಂಟು ಹೋದರೆ ಇನ್ನೂ ಕತ್ತಲು. ಕೊಡೆಗಿಂತ ರೇನ್‌ಕೋಟು ವಾಸಿ, ಗಾಳಿಗೆ ಕೊಡೆ ಮಗುಚುತ್ತದೆ.

ಮಲ್ಪೆಯಿಂದ ಸೈಂಟ್ ಮೇರೀಸ್ ದ್ವೀಪಕ್ಕೆ ಈ ತಿಂಗಳುಗಳಲ್ಲಿ ದೋಣಿ ಇಲ್ಲ. ಮಡಗಾಸ್ಕರ್ ಭಾರತಕ್ಕೆ ಅಂಟಿಕೊಂಡಿದ್ದ ಕಾಲದ, ಸುಮಾರು 8.8 ಕೋಟಿ ವರ್ಷ ಹಳೆಯ ಕಂಬಗಲ್ಲುಗಳು ಅಲ್ಲಿವೆ ಎಂದು ಆಸೆಪಟ್ಟು ಬಂದವರು ಮಲ್ಪೆ ದಡದಿಂದಲೇ ಹಿಂತಿರುಗುತ್ತಾರೆ. ಸೆಪ್ಟೆಂಬರ್ ಕೊನೆಗೆ ದೋಣಿ ಮತ್ತೆ ಶುರುವಾಗುತ್ತದೆ, ದಿನ ಮಾತ್ರ ಕಡಲು ಎಷ್ಟು ಬೇಗ ತಣಿಯುತ್ತದೆ ಎಂಬುದರ ಮೇಲೆ. ಆ ವಾರದಲ್ಲಿ ಬರುವುದಾದರೆ ದ್ವೀಪಕ್ಕೆ ಒಂದು ದಿನ ಮೀಸಲಿಟ್ಟು, ದೋಣಿ ಹೊರಡದಿದ್ದರೆ ಅದೇ ದಿನ ಮಣಿಪಾಲ ಎಂದು ಇಟ್ಟುಕೊಳ್ಳಿ. ಮಲ್ಪೆಯಿಂದ ಉಡುಪಿಯ ಮೇಲೆ ಮಣಿಪಾಲಕ್ಕೆ ಅರ್ಧ ಗಂಟೆಯ ದಾರಿ, ಹತ್ತು ಗಂಟೆಯೊಳಗೆ ತಿರುಗಿದರೆ ಬೆಳಗಿನ ತಂಡಕ್ಕೇ ಸೇರಬಹುದು.